ಕೋಲ್ಡ್ ಸ್ಟಾರ್ಟ್ ಸೌಂಡಿಗೆ ಮೂರು ಥರದ ಆಯಿಲ್ ಫಿಲ್ಟರ್ ಹಾಕಿ ನೋಡಿದೆ

ಫಿಲ್ಟರ್ ತಗೊಳ್ಳೋಕೆ ಮುಂಚೆ ಸೌಂಡ್ ಎಂಥದ್ದು ಅಂತ ಸರಿಯಾಗಿ ಕೇಳಿಸ್ಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಎರಡು ಸೆಕೆಂಡ್ ಕಟಕಟ ಅಂದು ಆಯಿಲ್ ಲೈಟ್ ಆಫ್ ಆಗೋ ಹೊತ್ತಿಗೆ ನಿಂತುಹೋಗುತ್ತೆ, ಅರ್ಧ ಗಂಟೆ ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಬರಲ್ಲ ಅಂದ್ರೆ ಫಿಲ್ಟರಲ್ಲಿದ್ದ ಆಯಿಲ್ ಕೆಳಗೆ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದುಹೋಗಿರೋ ಚಾನ್ಸ್ ಜಾಸ್ತಿ. ಇಂಜಿನ್ ಬಿಸಿ ಆಗ್ತಾ ನಿಧಾನಕ್ಕೆ ಕಮ್ಮಿ ಆಗೋ ಸೌಂಡ್ ಪಿಸ್ಟನ್ ಸ್ಲ್ಯಾಪ್ (ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯೋದು) ಇರಬಹುದು, ಎಕ್ಸಾಸ್ಟ್ ಗ್ಯಾಸ್ಕೆಟ್ ಲೀಕೂ ಇರಬಹುದು, ಅದಕ್ಕೆ ಎಷ್ಟು ಒಳ್ಳೇ ಫಿಲ್ಟರ್ ಹಾಕಿದ್ರೂ ಪ್ರಯೋಜನ ಇಲ್ಲ. ಲೋಡ್ ಬಿದ್ದಾಗ ಜೋರಾಗೋ ದಪ್ಪ ಸೌಂಡ್ ಆದ್ರೆ ಇಂಜಿನ್ ಬೇರಿಂಗ್ ಸವೆದಿರಬಹುದು, ದಯವಿಟ್ಟು ಓಡಿಸ್ಬೇಡಿ.

ನನ್ನ ಇಂಜಿನಲ್ಲಿ ಫಿಲ್ಟರ್ ಅಡ್ಡ ಕೂತಿದೆ, ಹಾಗಾಗಿ ಒಳಗಿನ ಆಂಟಿ ಡ್ರೈನ್‌ಬ್ಯಾಕ್ ವಾಲ್ವ್ (ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂಗೆ ತಡೆಯೋ ರಬ್ಬರ್ ಮುಚ್ಚಳ) ಮೇಲೇ ಎಲ್ಲ ನಿಂತಿರೋದು. ಆಯಿಲ್ ಗ್ರೇಡ್ (ಆಯಿಲ್ ಎಷ್ಟು ದಪ್ಪ ಅನ್ನೋದು) ಮಾತ್ರ ಬದಲಾಯಿಸ್ಲಿಲ್ಲ, ಇಲ್ದಿದ್ರೆ ಹೋಲಿಕೆಗೆ ಅರ್ಥನೇ ಇರಲ್ಲ.

ಮೊದಲು ಕಮ್ಮಿ ರೇಟಿಂದು, ಕಪ್ಪು ನೈಟ್ರೈಲ್ ರಬ್ಬರ್ ವಾಲ್ವ್. ಶುರುನಲ್ಲಿ ಸೌಂಡೇ ಇಲ್ಲ, ಆದ್ರೆ ಆಯಿಲ್ ಚೇಂಜ್ ಹತ್ರ ಬರ್ತಾ ಬರ್ತಾ ಕಟಕಟ ವಾಪಸ್ ಬಂತು, ಬೆಳಿಗ್ಗೆ ಸ್ಟಾರ್ಟ್ ಮಾಡದೇನೇ ಬಿಚ್ಚಿ ನೋಡಿದ್ರೆ ಒಳಗೆ ಅರ್ಧಕ್ಕಿಂತ ಕಮ್ಮಿ ಆಯಿಲ್, ಕತ್ತರಿಸಿ ವಾಲ್ವ್ ಒತ್ತಿದ್ರೆ ಗಟ್ಟಿಯಾಗಿ ಅಂಚು ಸ್ವಲ್ಪ ಎದ್ದಿತ್ತು. ನೈಟ್ರೈಲ್ ಬಿಸಿಗೆ ಹಾಗೇ, ದಿನ ಕಳೆದಂಗೆ ಬಿರುಸಾಗುತ್ತೆ.

ಎರಡನೇದು ಗಾಡಿ ಕಂಪನಿ ಒರಿಜಿನಲ್. ಕೊನೇ ತನಕ ಒಂದೇ ಥರ, ತಕರಾರಿಲ್ಲ.

ಮೂರನೇದು ಸಿಲಿಕೋನ್ ವಾಲ್ವ್, ಸಿಂಥೆಟಿಕ್ ಮೀಡಿಯಾ (ಆಯಿಲ್ ಸೋಸೋ ಪದರ ಕೃತಕ ನಾರಿಂದು). ಬಿಚ್ಚಿದಾಗ ಆಯಿಲ್ ತುಂಬ್ಕೊಂಡೇ ಇತ್ತು, ವಾಲ್ವ್ ಹೊಸದರ ಥರಾನೇ ಮೆತ್ತಗೆ. ಕಿವಿಗೆ ಮಾತ್ರ ಒರಿಜಿನಲ್‌ಗೂ ಇದಕ್ಕೂ ಏನೂ ವ್ಯತ್ಯಾಸ ಗೊತ್ತಾಗಲ್ಲ, ಅದನ್ನ ನೇರವಾಗೇ ಹೇಳ್ತೀನಿ. ಆಯಿಲನ್ನ ಜಾಸ್ತಿ ದಿನ ಓಡಿಸೋರು, ಚಳಿ ಜಾಸ್ತಿ ಇರೋ ಕಡೆ ಇರೋರು ಇದನ್ನ ತಗೊಳ್ಳಿ, ಯಾಕಂದ್ರೆ ತಣ್ಣಗಾಗಿ ದಪ್ಪ ಆದ ಆಯಿಲ್ ಸಿಂಥೆಟಿಕ್ ಮೀಡಿಯಾದಲ್ಲಿ ಸಾಮಾನ್ಯವಾಗಿ ಸಲೀಸಾಗಿ ಹೋಗುತ್ತೆ, ಬೈಪಾಸ್ ವಾಲ್ವ್ ತೆರ್ಕೊಂಡು ಸೋಸದೇ ಇರೋ ಆಯಿಲ್ ಇಂಜಿನ್‌ಗೆ ಹೋಗೋದು ಕಮ್ಮಿ. ಮಾಮೂಲಿ ಟೈಮಿಗೆ ಆಯಿಲ್ ಬದಲಾಯಿಸೋರಿಗೆ ಒರಿಜಿನಲ್ ಸಾಕೇ ಸಾಕು, ನಾನೂ ಈಗ ಅದನ್ನೇ ಹಾಕಿದೀನಿ.

ಬಣ್ಣ ನೋಡಿ ಮೋಸ ಹೋಗ್ಬೇಡಿ, ಕೇಸರಿ ಬಣ್ಣ ಇದ್ದ ತಕ್ಷಣ ಸಿಲಿಕೋನ್ ಅಂತಲ್ಲ, ಬಾಕ್ಸ್ ಮೇಲೆ ಓದಿ. ಬಾಯಿ ಮೇಲ್ಮಾಡಿ ನೆಟ್ಟಗೆ ಕೂರೋ ಫಿಲ್ಟರ್ ಇದ್ರೆ ಈ ವಾಲ್ವ್ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ಆಯಿಲ್ ತಾನಾಗೇ ಒಳಗೆ ನಿಲ್ಲುತ್ತೆ. ಇನ್ನೊಂದು, ಸೌಂಡ್ ಮುಚ್ಚೋಕೆ ಅಂತ 5ಡಬ್ಲ್ಯೂ-30 ಗ್ರೇಡ್ ಜಾಗಕ್ಕೆ ಅದಕ್ಕಿಂತ ದಪ್ಪ ಇರೋ 20ಡಬ್ಲ್ಯೂ-50 ಹಾಕೋದು ತಪ್ಪು, ಚಳಿಗೆ ಅದು ಮೇಲೆ ತಲುಪೋದೇ ಇನ್ನೂ ಲೇಟು. ಒಳ್ಳೇ ಫಿಲ್ಟರ್, ಸರಿಯಾದ ಗ್ರೇಡ್ ಎರಡೂ ಇದ್ದು ಬೆಳಗಿನ ಕಟಕಟ ಹಾಗೇ ಇದ್ರೆ ಟೈಮಿಂಗ್ ಚೈನ್ ಟೆನ್ಷನರ್ (ಇಂಜಿನ್ ಒಳಗಿನ ಚೈನ್ ಬಿಗಿಯಾಗಿ ಹಿಡಿಯೋ ಭಾಗ) ಚೆಕ್ ಮಾಡಿಸಿ, ತಡ ಮಾಡ್ಬೇಡಿ.