ಪಂಪಿಂಗ್ 28ರಿಂದ 46ಕ್ಕೆ: ಡಿಗಾಕ್ಸಿನ್, ಕಾರ್ವೆಡಿಲಾಲ್ ಜೊತೆ ಆರು ವರ್ಷ

ಡಿಗಾಕ್ಸಿನ್, ಕಾರ್ವೆಡಿಲಾಲ್ ಎರಡೂ ಸೋತ ಹೃದಯಕ್ಕೆ ಕೊಡುವ ಮಾತ್ರೆಗಳು. ಮೊದಲ ತಿಂಗಳಲ್ಲೇ ಬರೆದಿದ್ದರೆ ಡಿಗಾಕ್ಸಿನ್‌ಗೆ ಐದು ಸ್ಟಾರ್, ಕಾರ್ವೆಡಿಲಾಲ್‌ಗೆ ಒಂದು ಕೊಡುತ್ತಿದ್ದೆ. ಈಗ ಲೆಕ್ಕ ಉಲ್ಟಾ ಆಗಿದೆ.

2019ರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಚಪ್ಪಲಿ ಹಿಡಿಸದಷ್ಟು ಕಾಲು ಊತ, ಮೂರು ದಿಂಬಿಲ್ಲದೆ ನಿದ್ದೆ ಇಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿ ‘ಪಂಪಿಂಗ್ 28 ಪರ್ಸೆಂಟ್’ ಅಂದರು. ನೂರಕ್ಕೆ 28 ಅಂದರೆ ಫೇಲ್ ಅಲ್ವಾ? ಹೆದರಿಬಿಟ್ಟೆ. ಗಟ್ಟಿ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಹಿಂಡಿ ಹೊರಹಾಕುವುದಿಲ್ಲ, 55ರಿಂದ 70 ಬಂದರೆ ಅದೇ ಫುಲ್ ಮಾರ್ಕ್ಸ್ ಅಂತ ಆಮೇಲೆ ಗೊತ್ತಾಯಿತು.

ಡಿಗಾಕ್ಸಿನ್ ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಎಲೆಯಿಂದ ಬಂದ ಮದ್ದು. ಆ ಎಲೆಯ ಗುಣವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿಟ್ಟಿದ್ದ. ಸ್ನಾಯುವಿನ ಕೋಶದಿಂದ ಸೋಡಿಯಂ ಹೊರದಬ್ಬುವ ಪಂಪಿಗೆ ಇದು ಅಡ್ಡ ನಿಲ್ಲುತ್ತದೆ. ಸೋಡಿಯಂ ಒಳಗೇ ಉಳಿದರೆ ಕ್ಯಾಲ್ಸಿಯಂಗೂ ಹೊರಗೆ ಹೋಗುವ ದಾರಿ ಕಟ್ಟುತ್ತದೆ. ಕ್ಯಾಲ್ಸಿಯಂ ಜಾಸ್ತಿ ಇದ್ದಷ್ಟೂ ಸ್ನಾಯು ಬಿಗಿಯಾಗಿ ಹಿಂಡುತ್ತದೆ. ನನಗೆ ಹತ್ತೇ ದಿನಕ್ಕೆ ಉಸಿರು ಹಗುರಾಯಿತು. ಬೆಲೆಯೂ ಕಮ್ಮಿ, ಒಂದು ಪಟ್ಟಿಗೆ ಮಸಾಲೆ ದೋಸೆಯಷ್ಟು ದುಡ್ಡೂ ಬೇಡ.

ಆದರೆ ಇದಕ್ಕೆ ಸಲಿಗೆ ಕೊಡಬಾರದು. ವಾರಕ್ಕೆ ಐದು ದಿನ ಅಂತ ಚೀಟಿಯಲ್ಲಿತ್ತು. ನಾನು ಮರೆತು ಶನಿವಾರ, ಭಾನುವಾರವೂ ನುಂಗುತ್ತಾ ಹೋದೆ. ಅದರ ಮೇಲೆ ಭೇದಿ ಬೇರೆ ಆಯಿತು. ಮೂತ್ರ ಹೆಚ್ಚಿಸಿ ಊತ ಇಳಿಸುವ ನೀರಿನ ಮಾತ್ರೆ, ಭೇದಿ ಎರಡೂ ಸೇರಿ ಪೊಟ್ಯಾಸಿಯಂ ಖಾಲಿ. ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ಆ ಪಂಪನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಕಾಫಿ ವಾಸನೆಗೇ ವಾಕರಿಕೆ. ಟ್ಯೂಬ್‌ಲೈಟ್ ಸುತ್ತ ಹಳದಿ ಹಸಿರು ಬಳೆ. ಮಗಳಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದಿದ್ದೆ! ಕೊನೆಗೆ ನಾಲ್ಕು ದಿನ ಆಸ್ಪತ್ರೆ.

ಕಾರ್ವೆಡಿಲಾಲ್ ಕತೆ ಬೇರೆ. ಊಟದ ಜೊತೆ 3.125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಮೊದಲ ವಾರಗಳು ನರಕ. ಕೈಕಾಲು ಸೀಸದಷ್ಟು ಭಾರ, ಎದ್ದರೆ ಕಣ್ಣು ಕತ್ತಲೆ. ಕಾರಣ ಇದೆ. ಈ ಮಾತ್ರೆ ಶುರುವಿನಲ್ಲಿ ಹಿಂಡುವ ಶಕ್ತಿಯನ್ನು ನಿಜವಾಗಿಯೂ ಕಮ್ಮಿ ಮಾಡುತ್ತದೆ. ಇದು ಬೀಟಾ ಬ್ಲಾಕರ್ ಅನ್ನುವ ಗುಂಪಿನ ಮದ್ದು. ಸೋತ ಹೃದಯಕ್ಕೆ ಆ ಗುಂಪಿನ ಮದ್ದು ಕೊಡಲೇಬಾರದು ಅಂತ ವೈದ್ಯರೇ ಹೇಳುತ್ತಿದ್ದ ಕಾಲವೊಂದಿತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಕೊಟ್ಟು ನೋಡಿ, ರೋಗಿಗಳು ಚೇತರಿಸಿಕೊಂಡರು ಅಂತ ಬರೆದರು. ನಂಬುವುದಕ್ಕೆ ಜಗತ್ತಿಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ನಮ್ಮಪ್ಪ ಗಾಡಿ ಹೊಡೆಯುತ್ತಿದ್ದರು. ಏರಿನಲ್ಲಿ ಎತ್ತು ಸೋತರೆ ಬಾರುಕೋಲು ಎತ್ತುತ್ತಿರಲಿಲ್ಲ, ನೊಗ ಇಳಿಸಿ ನಿಲ್ಲಿಸುತ್ತಿದ್ದರು. ಹೃದಯ ಸೋತಾಗ ದೇಹ ಅಡ್ರಿನಲಿನ್ ಸುರಿದು ಬಾರುಕೋಲು ಬೀಸುತ್ತಲೇ ಇರುತ್ತದೆ. ಕಾರ್ವೆಡಿಲಾಲ್ ಆ ಏಟು ತಾಗದಂತೆ ತಡೆಯುತ್ತದೆ. ತಿಂಗಳುಗಟ್ಟಲೆ ಸುಧಾರಿಸಿಕೊಂಡ ಸ್ನಾಯು ತಾನಾಗಿಯೇ ಹಿಂಡಲು ಶುರುಮಾಡುತ್ತದೆ. ಬರೀ ಏಟು ಜಾಸ್ತಿ ಮಾಡುವ ಮಿಲ್ರಿನೋನ್ ಮಾತ್ರೆಯನ್ನು ಪರೀಕ್ಷಿಸಿದಾಗ ಸಾವೇ ಹೆಚ್ಚಾಗಿತ್ತು, 1991ರ ವರದಿ ಅದು. ಡಿಗಾಕ್ಸಿನ್ ಅಷ್ಟು ಕೆಟ್ಟದ್ದಲ್ಲ. 1997ರಲ್ಲಿ 6,800 ರೋಗಿಗಳ ಅಧ್ಯಯನದಲ್ಲಿ ಆಸ್ಪತ್ರೆಗೆ ಸೇರುವುದು ಕಮ್ಮಿಯಾಯಿತು, ಆದರೆ ಆಯಸ್ಸು ಹೆಚ್ಚಲಿಲ್ಲ.

ನನ್ನ ಕಾರ್ವೆಡಿಲಾಲ್ ಡೋಸ್ 25 ಮಿಲಿಗ್ರಾಂಗೆ ಮುಟ್ಟಲು ಏಳು ತಿಂಗಳು ಹಿಡಿಯಿತು. ಒಂದು ವರ್ಷಕ್ಕೆ ಪಂಪಿಂಗ್ 39, ಈಗ 46. ಜೊತೆಗೆ ಬೇರೆ ಮಾತ್ರೆಗಳೂ ಇದ್ದವು, ಪೂರ್ತಿ ಕ್ರೆಡಿಟ್ ಇದಕ್ಕೇ ಕೊಡಲಾರೆ. ಡಿಗಾಕ್ಸಿನ್ ಮೂರನೇ ವರ್ಷ ಡಾಕ್ಟರೇ ನಿಲ್ಲಿಸಿದರು.

ದೂರುಗಳು ಈಗಲೂ ಇವೆ. ಚಳಿಗಾಲದಲ್ಲಿ ಬೆರಳು ತಣ್ಣಗೆ, ಕನಸು ವಿಚಿತ್ರ. ಹಾಗಂತ ಸುಮ್ನೆ ಒಂದು ದಿನ ನಿಲ್ಲಿಸಿಬಿಡುವ ಮಾತ್ರೆ ಇದಲ್ಲ. ಹಠಾತ್ತನೆ ಬಿಟ್ಟರೆ ತಡೆದಿಟ್ಟ ಏಟೆಲ್ಲ ಒಟ್ಟಿಗೆ ಬೀಳುತ್ತದೆ. ಇನ್ನೊಂದು ವಿಷಯ, ಮಂಡಿನೋವಿಗೆ ಅಂತ ಡಾಕ್ಟರಿಗೆ ಹೇಳದೆ ಕೇಳದೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ನುಂಗಿ ಮೂರೇ ದಿನಕ್ಕೆ ಎರಡು ಕಿಲೋ ನೀರು ತುಂಬಿಸಿಕೊಂಡೆ. ಅವತ್ತಿನಿಂದ ತೂಕದ ಮಷೀನು ಬಚ್ಚಲುಮನೆ ಬಾಗಿಲಲ್ಲೇ ಇದೆ.