ಮಾಸ್ಕೋ–ಪೀಟರ್ಸ್‌ಬರ್ಗ್ ಚಳಿಯಲ್ಲಿ ಓಡಾಟ: ಸಪ್ಸಾನ್, ರಾತ್ರಿ ರೈಲು, ಟ್ರಾಲಿಬಸ್, ಎಲೆಕ್ಟ್ರಿಕ್ ಬಸ್

ಚಳಿಗಾಲದಲ್ಲಿ ರಷ್ಯಾಕ್ಕೆ ಹೊರಟವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಸಪ್ಸಾನ್ ಅನ್ನುವ ಹೈಸ್ಪೀಡ್ ರೈಲಿನಲ್ಲಿ ಹೋಗೋದಾ, ರಾತ್ರಿ ರೈಲಿನಲ್ಲಿ ಹೋಗೋದಾ? ಎರಡರಲ್ಲೂ ಓಡಾಡಿದ್ದೇನೆ. ನನ್ನ ಓಟು ರಾತ್ರಿ ರೈಲಿಗೆ, ಅದರಲ್ಲೂ ಪ್ಲಾಟ್ಸ್‌ಕಾರ್ಟ್ ಅನ್ನುವ ತೆರೆದ ಸ್ಲೀಪರ್ ಬೋಗಿಗೆ. ಏಕೆ ಅಂತ ಹೇಳುತ್ತೇನೆ, ಜೊತೆಗೆ ಎರಡೂ ಊರಿನ ಬಸ್ಸು, ಮೆಟ್ರೋ, ರೂಮುಗಳ ಮಾತನ್ನೂ ಸೇರಿಸುತ್ತೇನೆ. ಹೊರಗೆ ಮೈನಸ್ 15 ಇರುವಾಗ ಒಳಗಿನ ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾನು ಎಲ್ಲ ಕಡೆಯೂ ಹುಡುಕುತ್ತಿದ್ದೆ, ಅದು ಗೊತ್ತಾದರೆ ಆ ಗಾಡಿ ಎಂಥದ್ದು ಅಂತ ಅರ್ಧ ಗೊತ್ತಾದ ಹಾಗೆ.

ಸಪ್ಸಾನ್ 2009ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಸೀಮೆನ್ಸ್ ಕಟ್ಟಿದ ರೈಲು. ಸುಮಾರು 650 ಕಿಲೋಮೀಟರ್ ದಾರಿಗೆ ಹೆಚ್ಚುಕಮ್ಮಿ ನಾಲ್ಕು ಗಂಟೆ. ವೇಗ ಗಂಟೆಗೆ 250 ಕಿಲೋಮೀಟರ್‌ವರೆಗೂ ಏರುತ್ತದೆ, ಆದರೂ ಮೇಜಿನ ಮೇಲಿನ ಲೋಟ ಅಲುಗುವುದಿಲ್ಲ. ಒಳಗೆ ಹಿತವಾದ ಬಿಸಿ, ಕೂರಲು ಒಳ್ಳೆಯ ಸೀಟು, ಫೋನ್ ಚಾರ್ಜ್ ಮಾಡಲು ಪ್ಲಗ್. ದೂರುವಂಥದ್ದು ಏನೂ ಇಲ್ಲ. ಓಡುವುದು ಮಾತ್ರ 1851ರಲ್ಲಿ ತೆರೆದ ಹಳೇ ಮಾರ್ಗದಲ್ಲೇ, ಬೇರೆ ರೈಲುಗಳ ಜೊತೆ ಹಳಿ ಹಂಚಿಕೊಂಡು. ಬೇರೆಯದೇ ಹೈಸ್ಪೀಡ್ ಮಾರ್ಗದ ಕೆಲಸ 2024ರಲ್ಲಿ ಆರಂಭವಾಗಿದೆ, ಅದು ಮುಗಿದ ಮೇಲೆ ಎರಡೂಕಾಲು ಗಂಟೆಯಲ್ಲಿ ತಲುಪಿಸುವ ಲೆಕ್ಕಾಚಾರ ರಷ್ಯಾದವರದು.

ಹಾಗಾದರೆ ಸಪ್ಸಾನ್ ಯಾಕೆ ಬೇಡ? ಹಗಲನ್ನು ತಿನ್ನುತ್ತದೆ, ಅದಕ್ಕೆ. ಡಿಸೆಂಬರ್ ಕೊನೆಯಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಹತ್ತರ ಹೊತ್ತಿಗೆ, ಮುಳುಗುವುದು ಸಂಜೆ ನಾಲ್ಕಕ್ಕೆ. ಬೆಳಕು ಸಿಗುವುದೇ ಆರು ಗಂಟೆ, ಅದರಲ್ಲಿ ನಾಲ್ಕನ್ನು ಸೀಟಿನಲ್ಲಿ ಕೂತು ಕಳೆದರೆ ಊರು ನೋಡುವುದು ಯಾವಾಗ? ರಾತ್ರಿ ರೈಲು ಸುಮಾರು ಎಂಟು ಗಂಟೆ ತೆಗೆದುಕೊಂಡರೂ ಅದು ತಿನ್ನುವುದು ಕತ್ತಲನ್ನು. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಪ್ಲಾಟ್ಸ್‌ಕಾರ್ಟ್ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಸಪ್ಸಾನ್ ದರ ವಿಮಾನದ ಟಿಕೆಟ್‌ನಂತೆ ಏರಿಳಿಯುತ್ತದೆ, ಹಬ್ಬದ ದಿನಗಳಲ್ಲಂತೂ ಕೈಗೆ ಸಿಗುವುದಿಲ್ಲ.

ಪ್ಲಾಟ್ಸ್‌ಕಾರ್ಟ್ ಅಂದರೆ 54 ಬರ್ತ್‌ಗಳ ತೆರೆದ ಬೋಗಿ. ನಮ್ಮ ಸ್ಲೀಪರ್‌ನಲ್ಲಿ ಮಲಗಿ ಅಭ್ಯಾಸ ಇದ್ದವರಿಗೆ ಏನೂ ಹೊಸದಲ್ಲ, ಸೈಡ್ ಬರ್ತ್ ಕೂಡ ಇದೆ, ಮಧ್ಯದ ಬರ್ತ್ ಒಂದಿಲ್ಲ. ಬಾಗಿಲು ಬೇಕೆನ್ನುವವರಿಗೆ ನಾಲ್ಕು ನಾಲ್ಕು ಜನರ ಕುಪೆ ಇದೆ, ಆ ಬೋಗಿಯಲ್ಲಿ 36 ಬರ್ತ್. ನಾನು ಅದರಲ್ಲೂ ಮಲಗಿದ್ದೇನೆ. ಜೊತೆಗಿರುವ ಮೂವರು ಒಳ್ಳೆಯವರಾದರೆ ಕುಪೆ ಚೆನ್ನ, ಒಬ್ಬರು ಗೊರಕೆ ಹೊಡೆಯುವವರಾದರೆ ಆ ಬಾಗಿಲೇ ಶತ್ರು. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೂ ನಾನು ತೆರೆದ ಬೋಗಿಯನ್ನೇ ಹೇಳುತ್ತೇನೆ, ಸುತ್ತ ಜನ ಇರುತ್ತಾರೆ, ಅಜ್ಜಿಯರು ಇರುತ್ತಾರೆ, ಬೋಗಿಯನ್ನು ನೋಡಿಕೊಳ್ಳುವ ಪ್ರವದ್ನಿತ್ಸಾ ಓಡಾಡುತ್ತಲೇ ಇರುತ್ತಾಳೆ.

ಈ ಪ್ರವದ್ನಿತ್ಸಾ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಟಿಟಿಯ ಹಾಗೆ ಬಂದು ಹೋಗುವವಳಲ್ಲ. ಬೋಗಿ ಹತ್ತುವಾಗ ಬಾಗಿಲಲ್ಲೇ ಪಾಸ್‌ಪೋರ್ಟ್ ನೋಡುವವಳು ಅವಳೇ, ಮೊಹರಾದ ಪೊಟ್ಟಣದಲ್ಲಿ ಒಗೆದ ಹೊದಿಕೆ ಕೊಡುವವಳೂ ಅವಳೇ, ಬೆಳಿಗ್ಗೆ ಎಬ್ಬಿಸುವವಳೂ ಅವಳೇ. ಬೋಗಿಯ ಬಿಸಿಯೂ ಅವಳ ಕೈಯಲ್ಲೇ. ಬೋಗಿಯ ಒಂದು ತುದಿಯಲ್ಲಿ ಟಿಟಾನ್ ಅಂತ ಬಿಸಿನೀರಿನ ಬಾಯ್ಲರ್ ಇರುತ್ತದೆ, ನಮ್ಮ ಬಚ್ಚಲ ಹಂಡೆ ನೆಟ್ಟಗೆ ನಿಂತ ಹಾಗೆ. ಮುಂದೆ ಸಣ್ಣ ನಲ್ಲಿ, ನೀರು ಎಷ್ಟು ಬಿಸಿ ಇದೆ ಎಂದು ತೋರಿಸುವ ಮಾಪಕ. ಹೊತ್ತು ಗೊತ್ತಿಲ್ಲದೆ ಯಾರಾದರೂ ಬಂದು ಅಲ್ಲಿ ನೂಡಲ್ಸ್ ಡಬ್ಬಿಗೆ ನೀರು ಬಿಟ್ಟುಕೊಂಡು ಹೋಗುತ್ತಾರೆ. ಅದರ ಹತ್ತಿರವೇ ಬೋಗಿ ಕಾಯಿಸುವ ಇನ್ನೊಂದು ಬಾಯ್ಲರ್, ಅದರ ಬಿಸಿನೀರು ಕೊಳವೆಗಳಲ್ಲಿ ಕಿಟಕಿಗಳ ಕೆಳಗೆ ಸುತ್ತುತ್ತಾ ಇರುತ್ತದೆ. ತಂತಿಯ ಕರೆಂಟ್ ಇರುವ ಕಡೆ ಅದು 3000 ವೋಲ್ಟ್‌ನ ಕರೆಂಟಿನಲ್ಲೇ ಕಾಯುತ್ತದೆ, ಕರೆಂಟ್ ಇಲ್ಲದ ಕಡೆ ಅದೇ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಾರೆ. ಹಳೇ ಬೋಗಿಯೊಂದರಲ್ಲಿ ಇದ್ದಲಿನ ಬಕೆಟ್ಟೂ ಸಲಿಕೆಯೂ ಮೂಲೆಯಲ್ಲಿ ಒಪ್ಪವಾಗಿ ಇಟ್ಟಿದ್ದನ್ನು ನೋಡಿ ನನಗೆ ಖುಷಿಯಾಯಿತು. ಇಂಜಿನ್ ಕೆಟ್ಟು ಕಾಡಿನ ನಡುವೆ ರೈಲು ನಿಂತರೂ ಆ ಬೋಗಿ ತಣ್ಣಗಾಗುವುದಿಲ್ಲ. ಹಿಮದ ದೇಶದಲ್ಲಿ ಇದಕ್ಕಿಂತ ದೊಡ್ಡ ಭರವಸೆ ಇನ್ನೇನು ಬೇಕು?

ತೊಂದರೆಯೂ ಇದೆ. ಬಿಸಿ ಜಾಸ್ತಿ ಆಗುತ್ತದೆ, ಮೇಲಿನ ಬರ್ತ್‌ನಲ್ಲಂತೂ ಬೆವರು. ಸ್ವೆಟರ್ ಬಿಚ್ಚಿ ಟೀ ಶರ್ಟ್‌ನಲ್ಲಿ ಮಲಗಲು ತಯಾರಾಗಿರಿ.

ಊರೊಳಗಿನ ಓಡಾಟಕ್ಕೆ ಬಂದರೆ ಎರಡು ಊರುಗಳೂ ಬೇರೆ ಬೇರೆ ದಾರಿ ಹಿಡಿದಿವೆ. ಮಾಸ್ಕೋದಲ್ಲಿ 1933ರಿಂದ ಟ್ರಾಲಿಬಸ್, ಅಂದರೆ ರಸ್ತೆ ಮೇಲಿನ ತಂತಿಯಿಂದ ಕರೆಂಟ್ ಪಡೆದು ಓಡುವ ಬಸ್, ಇತ್ತು, ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಜಾಲ. 2020ರಲ್ಲಿ ಅದನ್ನು ನಿಲ್ಲಿಸಿದರು, ನೆನಪಿಗೆ ಒಂದು ಮ್ಯೂಸಿಯಂ ಮಾರ್ಗ ಬಿಟ್ಟರು. ಅದರ ಜಾಗಕ್ಕೆ 2018ರಿಂದ ಬ್ಯಾಟರಿ ಬಸ್ಸುಗಳು ಬಂದಿವೆ. ಕೊನೇ ನಿಲ್ದಾಣದಲ್ಲಿ ಮಾಡಿನ ಮೇಲಿನ ತೋಳು ಚಾರ್ಜರ್‌ಗೆ ತಾಗುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಬಸ್ ಮತ್ತೆ ಹೊರಡಲು ಸಿದ್ಧ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸಿನಲ್ಲಿ ಓಡಾಡಿದವರಿಗೆ ಆ ಸದ್ದಿಲ್ಲದ ಓಟ ಗೊತ್ತಿರುತ್ತದೆ. ಆದರೆ ಚಳಿಯಲ್ಲಿ ಇನ್ನೊಂದು ಕಥೆ ಇದೆ. ಒಳಗೆ ಬೆಚ್ಚಗಿಡುವ ಕೆಲಸವನ್ನೂ ಬ್ಯಾಟರಿಗೇ ಬಿಟ್ಟರೆ ಅದು ಬೇಗ ಖಾಲಿ, ಹಾಗಾಗಿ ಅಲ್ಲಿನ ಹಲವು ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಬಿಸಿಗೆ ಅಂತಲೇ ಡೀಸೆಲ್ ಹೀಟರ್ ಇಟ್ಟಿದ್ದಾರೆ. ಇದು ಮೋಸ ಅನ್ನುವವರಿದ್ದಾರೆ, ನಾನು ಹಾಗನ್ನುವುದಿಲ್ಲ. ಬಸ್ ಓಡಿಸುವುದಕ್ಕೆ ಬೇಕಾಗುವ ಡೀಸೆಲ್‌ಗೆ ಹೋಲಿಸಿದರೆ ಹೀಟರ್‌ನದು ಕಡಿಮೆಯೇ. ಆದರೂ ಟ್ರಾಲಿಬಸ್ ತೆಗೆದಿದ್ದು ನನಗೆ ಸರಿ ಕಾಣುವುದಿಲ್ಲ.

ಯಾಕೆ ಅಂದರೆ ಪೀಟರ್ಸ್‌ಬರ್ಗ್‌ನವರು ಅದನ್ನು ಉಳಿಸಿಕೊಂಡಿದ್ದಾರೆ, ನೆವ್ಸ್ಕಿ ರಸ್ತೆಯಲ್ಲಿ ಈಗಲೂ ಓಡುತ್ತದೆ. ತಂತಿಯಿಂದಲೇ ಓಟ, ತಂತಿಯಿಂದಲೇ ಬಿಸಿ. ಡೀಸೆಲ್ ಬೇಡ, ಚಾರ್ಜ್‌ಗೆ ನಿಲ್ಲುವುದೂ ಬೇಡ. ಈಗ ಕೆಲವಕ್ಕೆ ಬ್ಯಾಟರಿಯನ್ನೂ ಕೂರಿಸಿದ್ದಾರೆ, ತಂತಿ ಮುಗಿದ ಕಡೆ, ತಂತಿಗೆ ತಾಗುವ ಮಾಡಿನ ಮೇಲಿನ ಕೋಲುಗಳನ್ನು ಇಳಿಸಿಕೊಂಡು ಹೊಸ ಬಡಾವಣೆಗಳವರೆಗೂ ಹೋಗುತ್ತವೆ. ಒಮ್ಮೆ ತಿರುವಿನಲ್ಲಿ ಕೋಲು ತಂತಿಯಿಂದ ಜಾರಿತು. ದೀಪ ಮಂಕಾಯಿತು, ಬಸ್ ನಿಂತಿತು. ಓಡಿಸುತ್ತಿದ್ದ ಹೆಂಗಸು ಕಿತ್ತಳೆ ಜಾಕೆಟ್ ಹಾಕಿ, ದಪ್ಪ ಕೈಗವಸು ತೊಟ್ಟು ಹಿಂದಕ್ಕೆ ಹೋದಳು, ಹಗ್ಗ ಹಿಡಿದೆಳೆದು ಕೋಲನ್ನು ತಂತಿಗೆ ಕೂರಿಸಿ ಬಂದಳು. ಎರಡು ನಿಮಿಷವೂ ಹಿಡಿಯಲಿಲ್ಲ, ಒಳಗಿದ್ದವರು ಯಾರೂ ತಲೆ ಎತ್ತಲಿಲ್ಲ. ಹಾದಿಬದಿಯಲ್ಲೇ ಕೈಯಿಂದ ಸರಿಮಾಡಬಹುದಾದ ಗಾಡಿ ಅದು.

ಅದೇ ಊರಿನಲ್ಲಿ 2022ರಲ್ಲಿ ಮಾರ್ಶ್ರುತ್ಕಾ ಅನ್ನುವ ಹಳೇ ಷೇರ್ ವ್ಯಾನುಗಳನ್ನು ತೆಗೆದು ನೀಲಿ ಗ್ಯಾಸ್ ಬಸ್ಸುಗಳನ್ನು ತಂದರು. ಬಿಸಿ ಇಂಜಿನ್‌ನಿಂದಲೇ ಬರುವುದರಿಂದ ಒಳಗೆ ಬೆಚ್ಚಗಿರುತ್ತದೆ, ಗ್ಯಾಸಿಗೆ ಅಲ್ಲಿ ಬರವಿಲ್ಲ. ಆದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮುಗೀತು. ಟ್ರಾಲಿಬಸ್‌ಗೆ ಮೊದಲ ಸ್ಥಾನ, ಮಾಸ್ಕೋದ ಬ್ಯಾಟರಿ ಬಸ್‌ಗೆ ಎರಡನೇದು, ಗ್ಯಾಸ್ ಬಸ್ ಆಮೇಲೆ.

ಮೆಟ್ರೋ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡೂ ಊರಿನಲ್ಲಿ ಮೆಟ್ರೋಗೆ ಸರಿಸಾಟಿ ಇಲ್ಲ. ಮಾಸ್ಕೋದ್ದು 1935ರದ್ದು, ಪೀಟರ್ಸ್‌ಬರ್ಗ್‌ನದು 1955ರದ್ದು. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಮಾಸ್ಕೋದಲ್ಲಿ ಒಂದೂವರೆ ನಿಮಿಷಕ್ಕೊಂದು ರೈಲು, ಅಂದರೆ ಓಡಿ ಹಿಡಿಯುವ ಅಗತ್ಯವೇ ಇಲ್ಲ. ಪೀಟರ್ಸ್‌ಬರ್ಗ್‌ನ ಅದ್ಮಿರಲ್ತೇಯ್ಸ್ಕಯಾ ನಿಲ್ದಾಣ ಸುಮಾರು 86 ಮೀಟರ್ ಆಳದಲ್ಲಿದೆ, ಎಸ್ಕಲೇಟರ್‌ನಲ್ಲಿ ನಿಂತು ಒಂದು ಫೋನ್ ಮಾತು ಮುಗಿಸಬಹುದು. ಅಷ್ಟು ಆಳದಲ್ಲಿ ಮಣ್ಣಿನ ಬಿಸಿ ವರ್ಷವಿಡೀ ಒಂದೇ ಸಮ, ರೈಲುಗಳ ಬಿಸಿಯೂ ಸೇರಿ ಕೆಳಗೆ ಚಳಿಯ ಸುಳಿವೇ ಇರುವುದಿಲ್ಲ.

ಇನ್ನು ಉಳಿದುಕೊಳ್ಳುವ ಜಾಗ. ಹೊಸ ಹೋಟೆಲ್ ರೂಮಿನಲ್ಲಿ ಗುಂಡಿ ತಿರುಗಿಸಿ ಬಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಹಳೇ ಅಪಾರ್ಟ್‌ಮೆಂಟ್‌ನಲ್ಲಿ ಬಹುಪಾಲು ಅದಿಲ್ಲ. ವಿದ್ಯುತ್ ಸ್ಥಾವರದ ಬಿಸಿಯಿಂದ ಕಾದ ನೀರು ಕೊಳವೆಯಲ್ಲಿ ಬಂದು ಕಿಟಕಿ ಕೆಳಗಿನ ಬತರೇಯಾ, ಅಂದರೆ ರೇಡಿಯೇಟರ್, ಕಾಯುತ್ತದೆ, ಅದನ್ನು ಬಿಡುವುದೂ ನಿಲ್ಲಿಸುವುದೂ ಊರಿನ ಆಡಳಿತ. ಐದು ದಿನ ಸತತವಾಗಿ ಸರಾಸರಿ ಉಷ್ಣತೆ 8 ಡಿಗ್ರಿಗಿಂತ ಕೆಳಗಿಳಿದರೆ ಬಿಸಿ ಶುರು. ಸೆಕೆಯಾದರೆ? ಕಿಟಕಿಯ ಮೇಲಿನ ಸಣ್ಣ ಬಾಗಿಲು ತೆರೆಯುವುದು, ಅಷ್ಟೇ. ಎಷ್ಟು ಬಿಸಿ ಹೊರಗೆ ಹೋಗುತ್ತದಲ್ಲ ಅಂತ ನನ್ನ ಹೊಟ್ಟೆ ಉರಿಯುತ್ತಿತ್ತು. ಆದರೆ ಕರೆಂಟ್ ಮಾಡುವಾಗ ಉಳಿಯುವ ಬಿಸಿಯನ್ನು ಸುಮ್ನೆ ಗಾಳಿಗೆ ಬಿಡದೆ ಮನೆಮನೆಗೆ ಹಂಚುವ ಏರ್ಪಾಡು ನಿಜಕ್ಕೂ ಒಳ್ಳೆಯದು. ನನ್ನ ಆಯ್ಕೆ ಹಳೇ ಅಪಾರ್ಟ್‌ಮೆಂಟೇ, ಒಗೆದ ಸಾಕ್ಸ್ ರಾತ್ರಿ ಬತರೇಯಾ ಮೇಲೆ ಹಾಕಿದರೆ ಬೆಳಿಗ್ಗೆಗೆ ಗರಿಗರಿ. ಬೇಸಿಗೆಯಲ್ಲಿ ಹೋಗುವವರು ಮಾತ್ರ ಕೇಳಿ ಬುಕ್ ಮಾಡಿ, ಕೊಳವೆ ಪರೀಕ್ಷೆಗೆ ಅಂತ ಹಲವು ದಿನ ಬಿಸಿನೀರನ್ನೇ ನಿಲ್ಲಿಸುತ್ತಾರೆ.

ಟಿಕೆಟ್ ವಿಷಯ ಒಂದು ಬಾಕಿ. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ನಗದು ಒಯ್ದು ರೂಬಲ್ ಮಾಡಿಸಿಕೊಳ್ಳಿ. ಮಾಸ್ಕೋದಲ್ಲಿ ತ್ರೊಯ್ಕಾ ಕಾರ್ಡ್, ಪೀಟರ್ಸ್‌ಬರ್ಗ್‌ನಲ್ಲಿ ಪದರೋಜ್ನಿಕ್ ಕಾರ್ಡ್ ತೆಗೆದುಕೊಂಡರೆ ಮೆಟ್ರೋ, ಬಸ್ಸು ಎರಡಕ್ಕೂ ಆಗುತ್ತದೆ. ರಾತ್ರಿ ರೈಲಿನ ಟಿಕೆಟ್‌ಗೆ ಮಾಸ್ಕೋದ ಲೆನಿನ್‌ಗ್ರಾದ್ಸ್ಕಿ ನಿಲ್ದಾಣದ ಕೌಂಟರ್‌ಗೆ ಪಾಸ್‌ಪೋರ್ಟ್ ಹಿಡಿದು ಆದಷ್ಟು ಮುಂಚೆ ಹೋಗಿ, ಕೆಳಗಿನ ಬರ್ತ್‌ಗಳು ಮೊದಲು ಖಾಲಿಯಾಗುತ್ತವೆ. ಶೌಚಾಲಯದ ಪಕ್ಕದ ಕೊನೇ ಬರ್ತ್‌ಗಳನ್ನು ಕೊಟ್ಟರೆ ಬೇಡ ಅನ್ನಿ, ರಾತ್ರಿಯಿಡೀ ಬಾಗಿಲು ಬಡಿಯುತ್ತಿರುತ್ತದೆ.