ಅನ್ನನಾಳದ ಇಎಸ್‌ಡಿ: ಆರು ವರ್ಷ ಕಳೆದ ಮೇಲೆ ನನ್ನ ರಿವ್ಯೂ

ಆಸ್ಪತ್ರೆ ರಿವ್ಯೂಗಳನ್ನು ಜನ ಡಿಸ್ಚಾರ್ಜ್ ಆದ ದಿನವೇ ಬರೆಯುತ್ತಾರೆ. ಅನ್ನನಾಳದ ಕ್ಯಾನ್ಸರನ್ನು ಬಾಯಿಯಿಂದಲೇ ತೆಗೆಯುವ ಇಎಸ್‌ಡಿ ಮಾಡಿಸಿಕೊಂಡ ನಾನು ಆರು ವರ್ಷ ಕಾದೆ. ಮೊದಲ ವಾರ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ತಿಂಗಳು ಕೇಳಿದ್ದರೆ ಒಂದು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು ನಾನು, ವಯಸ್ಸು 66. ಮೂವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಜಗಿದ ಬಾಯಿ. 2019ರಲ್ಲಿ ಹುಳಿತೇಗು ಅಂತ ಎಂಡೋಸ್ಕೋಪಿಗೆ ಹೋದೆ. ನುಂಗಲು ಏನೂ ತೊಂದರೆ ಇರಲಿಲ್ಲ. ಡಾಕ್ಟರಿಗೆ ಏನೋ ಅನುಮಾನ ಬಂದು ಅನ್ನನಾಳದೊಳಗೆ ಅಯೋಡಿನ್ ಸಿಂಪಡಿಸಿದರು. ಚೆನ್ನಾಗಿರುವ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯುವುದಿಲ್ಲ. ನನ್ನದು ಮುಕ್ಕಾಲು ಸುತ್ತು ಬಣ್ಣ ಹಿಡಿಯಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ಎದೆ ಕೊಯ್ದು ಅನ್ನನಾಳವನ್ನೇ ತೆಗೆಯುತ್ತಾರೆ ಅಂದುಕೊಂಡಿದ್ದೆ. ಇದು ಮೇಲ್ಪದರದಲ್ಲೇ ಇರುವ ಹಾಗಿದೆ, ಬಾಯಿಯಿಂದಲೇ ತೆಗೆಯಬಹುದು ಅಂದರು. ಇದೇ ಇಎಸ್‌ಡಿ, ಜಪಾನಿನವರು ರೂಪಿಸಿದ ವಿಧಾನ. ಪದರದ ಕೆಳಗೆ ದ್ರವ ಚುಚ್ಚಿ ಉಬ್ಬಿಸಿ, ಕರೆಂಟಿನ ಸಣ್ಣ ಚಾಕುವಿನಿಂದ ಸುತ್ತ ಕೊಯ್ದು ಇಡೀ ತುಂಡು ಬಿಡಿಸುತ್ತಾರೆ. ನೀರು ಹಾಕಿ ನೆನೆಸಿ ಗೋಡೆಯ ಹಳೇ ಪೋಸ್ಟರ್ ಎತ್ತಿದ ಹಾಗೆ. ಮೂರು ಗಂಟೆ ಹಿಡಿಯಿತು. ನಾಲ್ಕನೇ ದಿನ ಗಂಜಿ ಕುಡಿದು ಮನೆಗೆ ಬಂದೆ. ಮೈಮೇಲೆ ಒಂದು ಹೊಲಿಗೆ ಇಲ್ಲ!

ನಿಜವಾದ ತೀರ್ಪು ಬರುವುದು ಆ ತುಂಡಿನ ರಿಪೋರ್ಟಿನಲ್ಲಿ. ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದೇ ಮುಖ್ಯ. ನನ್ನದು ಮೇಲಿನ ಪದರದಲ್ಲೇ ನಿಂತಿತ್ತು. ಅಷ್ಟಕ್ಕೇ ನಿಂತರೆ ದುಗ್ಧರಸದ ಗಂಟುಗಳಿಗೆ (ಲಿಂಫ್ ನೋಡ್) ಹರಡುವುದು ತೀರಾ ಅಪರೂಪ. ಪಕ್ಕದ ಬೆಡ್‌ನ ಹಾವೇರಿ ಯಜಮಾನರದು ಇನ್ನೊಂದು ಪದರ ಕೆಳಗೆ ಹೋಗಿತ್ತು, ಅವರಿಗೆ ಆಮೇಲೆ ಕೀಮೋ, ರೇಡಿಯೇಷನ್ ಕೊಟ್ಟರು. ಹಾಗೆ ಬಾಯಿಯಿಂದ ತೆಗೆದು ಆಮೇಲೆ ಈ ಎರಡನ್ನೂ ಕೊಟ್ಟ ಜಪಾನಿನ ಜೆಸಿಒಜಿ 0508 ಅನ್ನುವ ಅಧ್ಯಯನದಲ್ಲಿ ಮೂರು ವರ್ಷದ ನಂತರ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಬದುಕಿದ್ದರು ಅಂತ ಡಾಕ್ಟರು ಹೇಳಿದಾಗ ಅವರ ಮುಖ ಸ್ವಲ್ಪ ಅರಳಿತು.

ಇನ್ನು ದೂರು. ಮುಕ್ಕಾಲು ಸುತ್ತು ಪದರ ತೆಗೆದರೆ ಗಾಯ ಮಾಯುವಾಗ ನಾಳ ಕಿರಿದಾಗುತ್ತದೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಸಹಿ ಹಾಕಿಸಿಕೊಂಡ ಇಂಗ್ಲಿಷ್ ಕಾಗದದಲ್ಲಿ ಇತ್ತಂತೆ. ಮೂರನೇ ವಾರ ದೋಸೆ ಸಿಕ್ಕಿಕೊಂಡಿತು, ಐದನೇ ವಾರ ನೆನೆಸಿದ ಅವಲಕ್ಕಿಯೂ ಇಳಿಯಲಿಲ್ಲ. ಕ್ಯಾನ್ಸರ್ ವಾಪಸ್ ಬಂತು ಅಂತ ನಾನೂ ನಮ್ಮ ಮನೆಯವಳೂ ರಾತ್ರಿಯೆಲ್ಲ ಕೂತಿದ್ದೆವು. ಅದು ಬರೀ ಗಾಯದ ಕಲೆ. ಬಲೂನ್ ಹಾಕಿ ಏಳು ಸಲ ಹಿಗ್ಗಿಸಿದರು. ಜೊತೆಗೆ ಸ್ಟಿರಾಯ್ಡ್ ಮಾತ್ರೆ, ಅದರಿಂದ ಶುಗರ್ ಏರಿತು. ಆ ಮೂರು ತಿಂಗಳು ಆಪರೇಷನ್ನಿಗಿಂತ ಕಷ್ಟ.

ಎರಡನೆಯದು, ಇದು ಒಂದು ಸಲ ತೆಗೆಸಿ ಮರೆಯುವಂಥದ್ದಲ್ಲ, ಆಮೇಲೂ ಎಂಡೋಸ್ಕೋಪಿ ಮಾಡಿಸುತ್ತಿರಬೇಕು. ಹೊಗೆಸೊಪ್ಪು ಬಾಯಿಯಿಂದ ಹೊಟ್ಟೆವರೆಗೆ ಇಡೀ ದಾರಿಯನ್ನೇ ಕೆಡಿಸಿರುತ್ತದೆ. 2022ರ ಸ್ಕೋಪ್‌ನಲ್ಲಿ ಬೇರೆ ಕಡೆ ಇನ್ನೊಂದು ಚುಕ್ಕೆ, ಎಂಟು ಮಿಲಿಮೀಟರ್. ಚಿಕ್ಕದಿದ್ದಾಗಲೇ ಸಿಕ್ಕಿದ್ದರಿಂದ ಅದನ್ನೂ ತೆಗೆದರು, ಈ ಸಲ ನಾಳ ಕಿರಿದಾಗಲಿಲ್ಲ. ಸ್ಕೋಪ್ ತಪ್ಪಿಸಿದ್ದರೆ? "ರೀ, ಆ ಎಲೆ ತಟ್ಟೆ ಎಸೀತೀನಿ" ಅಂತ ಇವಳು ಅಂದದ್ದು 2019ರಲ್ಲಿ. ಎಸೆದಳು ಕೂಡ. ಅಡಿಕೆ ಒಂದೇ ಸಾಕು ಕ್ಯಾನ್ಸರ್ ತರಲು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ಹೇಳಿದೆ. ನಾನು ಈಗಲೂ ಬೆಳೆಯುತ್ತೇನೆ, ತಿನ್ನುವುದಿಲ್ಲ. ಏನಾದರೂ ಅಂದುಕೊಳ್ಳಿ.

ಚಿಕಿತ್ಸೆಗೆ ನಾಲ್ಕೂವರೆ ಸ್ಟಾರ್. ರೊಟ್ಟಿ, ಮೀನು ಸಾರು ಎಲ್ಲ ಸಲೀಸಾಗಿ ಇಳಿಯುತ್ತದೆ. ಆಸ್ಪತ್ರೆಯ ರಿಸೆಪ್ಷನ್ನಿಗೆ ಒಂದೇ. ಮುಂದಿನ ಸ್ಕೋಪ್ ಸರಿಯಾಗಿ ಕೊಯ್ಲಿನ ಮಧ್ಯೆ ಬಿದ್ದಿದೆ. ಡೇಟ್ ಒಂದು ವಾರ ಆಚೆ ಹಾಕಿಸಲು ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ.